ಹಳೆಯ ಪಿಕಪ್‌ನ ಸ್ಟೇರಿಂಗ್ ಸಡಿಲವಾದಾಗ: ದೋಷ ಹುಡುಕುವ ಕ್ರಮ

ಸ್ಟೇರಿಂಗ್ ವೀಲ್ ತಿರುಗುತ್ತದೆ, ಮುಂದಿನ ಗಾಲಿ ಮಾತ್ರ ಅಲುಗುವುದಿಲ್ಲ. ಇನ್ನಷ್ಟು ತಿರುಗಿಸಿದ ಮೇಲೆ ಗಾಲಿ ಹೊರಳುತ್ತದೆ. ನಡುವೆ ಹೀಗೆ ವ್ಯರ್ಥವಾಗುವ ತಿರುವಿಗೆ ಚಾಲಕರೂ ಮೆಕ್ಯಾನಿಕ್‌ಗಳೂ ‘ಪ್ಲೇ’ ಎನ್ನುತ್ತಾರೆ. ಹೊಸ ವಾಹನದಲ್ಲೂ ಒಂದಿಷ್ಟು ಪ್ಲೇ ಇರುತ್ತದೆ. ವರ್ಷ ಕಳೆದಂತೆ ಅದು ಹೆಚ್ಚುತ್ತಾ ಹೋಗುತ್ತದೆ, ಆದರೆ ಎಷ್ಟು ನಿಧಾನವಾಗಿ ಎಂದರೆ ದಿನವೂ ಓಡಿಸುವ ಚಾಲಕನ ಕೈ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಬೇರೆಯವರು ಬಂದು ಓಡಿಸಿ ‘ಗಾಡಿ ಕೈಗೇ ಸಿಗುತ್ತಿಲ್ಲ’ ಎಂದಾಗಲೇ ಎಷ್ಟೋ ಮಾಲೀಕರಿಗೆ ದೋಷ ಗೊತ್ತಾಗುವುದು.

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಹರಾಜಿನ ತಿಂಗಳುಗಳಲ್ಲಿ ಹೊಗೆಸೊಪ್ಪಿನ ಬೇಲುಗಳನ್ನು ಅಲ್ಲಿಗೆ ಹೊತ್ತು ತರುವ ಕೆಲಸದಲ್ಲಿ ಪಿಕಪ್‌ಗಳ ಪಾಲು ದೊಡ್ಡದು. ಅದಕ್ಕೂ ಮುಂಚೆ ಸೊಪ್ಪು ಹದಗೊಳಿಸುವ ಬ್ಯಾರನ್‌ಗೆ ಸೌದೆ, ಹೊಲಕ್ಕೆ ಗೊಬ್ಬರ ಸಾಗಿಸಬೇಕು. ಉಳಿದ ಕಾಲದಲ್ಲಿ ಶುಂಠಿ, ಮುಸುಕಿನ ಜೋಳ, ಕೆ.ಆರ್. ನಗರದ ಕಡೆ ಭತ್ತ, ಎಚ್.ಡಿ. ಕೋಟೆ ಕಡೆ ಹತ್ತಿ. ಟಾಟಾ 207, ಮಹೀಂದ್ರ ಬೊಲೆರೊ ಪಿಕಪ್‌ನಂಥ ಗಾಡಿಗಳು ಈ ತಾಲ್ಲೂಕುಗಳಲ್ಲಿ ಹತ್ತು ಹದಿನೈದು ವರ್ಷ ದುಡಿಯುವುದು ಸಾಮಾನ್ಯ. ಹೊಲದ ದಾರಿಯ ಹಳ್ಳದಿಣ್ಣೆ, ಮಳೆಗಾಲದ ಕೆಸರು, ಹೆದ್ದಾರಿಯ ವೇಗ ಇಷ್ಟನ್ನೂ ಒಂದೇ ದಿನದಲ್ಲಿ ಕಾಣುವ ಇಂಥ ಗಾಡಿಯಲ್ಲಿ ಮೊದಲು ಸವೆಯುವ ಭಾಗಗಳಲ್ಲಿ ಸ್ಟೇರಿಂಗ್‌ನ ಕೀಲುಗಳೂ ಸೇರಿವೆ.

ಕೈಯಿಂದ ಗಾಲಿಯವರೆಗೆ

ಸಡಿಲ ಎಲ್ಲಿದೆ ಎಂದು ಹುಡುಕಬೇಕಾದರೆ ತಿರುವು ಯಾವ ದಾರಿಯಲ್ಲಿ ಸಾಗುತ್ತದೆ ಎಂಬುದು ತಿಳಿದಿರಬೇಕು. ಸ್ಟೇರಿಂಗ್ ವೀಲ್‌ಗೆ ಸೇರಿದ ಶಾಫ್ಟ್ ಒಂದೆರಡು ಯು.ಜೆ. ಕ್ರಾಸ್‌ಗಳ (ಯುನಿವರ್ಸಲ್ ಜಾಯಿಂಟ್) ಮೂಲಕ ಚಾಸಿಗೆ ಬಿಗಿದಿರುವ ಸ್ಟೇರಿಂಗ್ ಬಾಕ್ಸ್ ಸೇರುತ್ತದೆ. ಬಾಕ್ಸ್‌ನೊಳಗಿನ ಹಲ್ಲುಗಳು ವೀಲ್‌ನ ಹಲವು ಸುತ್ತುಗಳನ್ನು ಚಿಕ್ಕದಾದರೂ ಬಲವಾದ ತಿರುವಾಗಿ ಮಾರ್ಪಡಿಸುತ್ತವೆ. ಬಾಕ್ಸ್‌ನಿಂದ ಹೊರಬರುವ ಡ್ರಾಪ್ ಆರ್ಮ್ ಹಿಂದಕ್ಕೂ ಮುಂದಕ್ಕೂ ಆಡುತ್ತಾ ಡ್ರ್ಯಾಗ್ ಲಿಂಕನ್ನು ಎಳೆಯುತ್ತದೆ, ತಳ್ಳುತ್ತದೆ. ಡ್ರ್ಯಾಗ್ ಲಿಂಕ್ ಒಂದು ಪಕ್ಕದ ಗಾಲಿ ಕೂತಿರುವ ಸ್ಟಬ್ ಆಕ್ಸಲನ್ನು ತಿರುಗಿಸಿದರೆ, ಟೈ ರಾಡ್ ಅದೇ ತಿರುವನ್ನು ಇನ್ನೊಂದು ಪಕ್ಕಕ್ಕೆ ಮುಟ್ಟಿಸುತ್ತದೆ. ಈ ಲಿಂಕುಗಳ ಎರಡೂ ತುದಿಗಳಲ್ಲಿ ಬಾಲ್ ಜಾಯಿಂಟ್‌ಗಳಿರುತ್ತವೆ.

ಮುಂದೆ ಗಟ್ಟಿ ಆಕ್ಸಲ್ ಇರುವ ಪಿಕಪ್‌ನಲ್ಲಿ ಸ್ಟಬ್ ಆಕ್ಸಲ್ ತಿರುಗುವುದು ಕಿಂಗ್ ಪಿನ್ ಎಂಬ ದಪ್ಪ ಉಕ್ಕಿನ ಮೊಳೆಯ ಮೇಲೆ; ಹಳೆಯ ಬಾಗಿಲಿಗೆ ತಿರುಗಣಿ ಮಾಡುವ ಕೆಲಸವನ್ನೇ ಇದು ಗಾಲಿಗೆ ಮಾಡುತ್ತದೆ. ಪಿನ್ನಿನ ಮೇಲೆ ಕೆಳಗೆ ಬುಷ್‌ಗಳು, ಭಾರ ಹೊರಲು ಒಂದು ತ್ರಸ್ಟ್ ಬೇರಿಂಗ್ ಇರುತ್ತವೆ. ಮುಂದಿನ ಎರಡು ಗಾಲಿಗಳಿಗೆ ಪ್ರತ್ಯೇಕ ಸಸ್ಪೆನ್ಷನ್ ಇರುವ ಮಾದರಿಗಳಲ್ಲಿ ಕಿಂಗ್ ಪಿನ್ ಬದಲು ಮೇಲೆ ಕೆಳಗೆ ಬಾಲ್ ಜಾಯಿಂಟ್‌ಗಳಿರುತ್ತವೆ. ಕೆಲವು ಗಾಡಿಗಳಲ್ಲಿ ಬಾಕ್ಸ್ ಬದಲು ರ್‍ಯಾಕ್ ಇರುತ್ತದೆ. ಭಾಗಗಳ ಹೆಸರು ಬೇರೆಯಾದರೂ ಹುಡುಕುವ ಕ್ರಮ ಹೆಚ್ಚು ಬದಲಾಗುವುದಿಲ್ಲ.

ಒಂದು ಮಿಲಿಮೀಟರ್‌ನ ಲೆಕ್ಕ

ಪ್ಲೇ ಸಾಮಾನ್ಯವಾಗಿ ಒಂದೇ ಜಾಗದ ದೋಷವಲ್ಲ, ಹಲವು ಕೀಲುಗಳ ಸಣ್ಣ ಸವೆತಗಳ ಮೊತ್ತ. ಬಾಕ್ಸ್‌ನ ಅನುಪಾತ 20:1, ಡ್ರಾಪ್ ಆರ್ಮ್‌ನ ಉದ್ದ 15 ಸೆಂ.ಮೀ., ಸ್ಟೇರಿಂಗ್ ವೀಲ್‌ನ ಅಡ್ಡಳತೆ 40 ಸೆಂ.ಮೀ. ಎಂದಿಟ್ಟುಕೊಂಡರೆ, ಡ್ರಾಪ್ ಆರ್ಮ್ ತುದಿಯ ಬಾಲ್ ಜಾಯಿಂಟ್‌ನಲ್ಲಿ ಬರೀ 1 ಮಿ.ಮೀ. ಸಡಿಲವಿದ್ದರೂ ಸ್ಟೇರಿಂಗ್ ವೀಲ್‌ನ ಅಂಚಿನಲ್ಲಿ ಅದು ಸುಮಾರು 2.7 ಸೆಂ.ಮೀ. ಪ್ಲೇ ಆಗಿ ಕಾಣುತ್ತದೆ. ಬಾಕ್ಸ್‌ನ ಹಲ್ಲುಗಳು ಕೈಯ ಬಲವನ್ನು ಹಿಗ್ಗಿಸಿ ಗಾಲಿಗೆ ಕೊಡುವಂತೆಯೇ ಗಾಲಿಯ ಕಡೆಯ ಸಡಿಲವನ್ನೂ ಹಿಗ್ಗಿಸಿ ಕೈಗೆ ತೋರಿಸುತ್ತವೆ. ಇಂಥ ನಾಲ್ಕು ಕೀಲುಗಳು ಒಂದೊಂದು ಮಿಲಿಮೀಟರ್ ಸವೆದರೆ ವೀಲ್‌ನ ಪ್ಲೇ ಹತ್ತು ಸೆಂಟಿಮೀಟರ್ ದಾಟುತ್ತದೆ.

ಕಾನೂನು ಹಾಕಿರುವ ಗಡಿಯೂ ಅಲ್ಲೇ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೇ ನಿಯಮದ ಪ್ರಕಾರ ಸ್ಟೇರಿಂಗ್ ವೀಲ್‌ನ ಪ್ಲೇ 30 ಡಿಗ್ರಿ ಮೀರುವಂತಿಲ್ಲ. 40 ಸೆಂ.ಮೀ. ಅಡ್ಡಳತೆಯ ವೀಲ್‌ನ ಅಂಚಿನಲ್ಲಿ 30 ಡಿಗ್ರಿ ಎಂದರೆ ಸುಮಾರು 10.5 ಸೆಂ.ಮೀ. ಇದೇ ನಿಯಮ ಇನ್ನೆರಡು ವಿಷಯ ಹೇಳುತ್ತದೆ: ಬಾಲ್ ಜಾಯಿಂಟ್‌ಗಳಿಗೆ ರಬ್ಬರ್ ಮುಚ್ಚಳ ಇರಬೇಕು, ಕೀಲುಗಳ ಬೋಲ್ಟು, ಪಿನ್ನುಗಳು ಕಳಚದಂತೆ ಲಾಕ್ ಆಗಿರಬೇಕು. ಸರಕು ವಾಹನಕ್ಕೆ ಎಂಟು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಫ್.ಸಿ. (ಅರ್ಹತಾ ಪ್ರಮಾಣಪತ್ರ) ಮಾಡಿಸಬೇಕಾದ್ದರಿಂದ, ಹುಣಸೂರಿನ ಕೆಎ-45 ಫಲಕದ ಹಳೆಯ ಪಿಕಪ್‌ಗಳಿಗೆಲ್ಲ ವರ್ಷಕ್ಕೊಮ್ಮೆ ಈ ಮಾತು ಎದುರಾಗುತ್ತದೆ. ಆದರೆ 30 ಡಿಗ್ರಿ ಎಂಬುದು ದಾಟಬಾರದ ಗಡಿ. ಅಲ್ಲಿಯವರೆಗೆ ಹೋಗಲಿ ಎಂದು ಕೊಟ್ಟ ರಿಯಾಯಿತಿ ಅಲ್ಲ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 16 ಮೀಟರ್‌ಗೂ ಹೆಚ್ಚು ಮುಂದೆ ಹೋಗಿರುತ್ತದೆ. ಕೈ ಆ ಹತ್ತು ಸೆಂಟಿಮೀಟರ್ ಹುಡುಕುವಷ್ಟರಲ್ಲಿ ಗಾಡಿ ಎದುರಿನ ಲೇನಿಗೆ ಸರಿದಿರಬಹುದು.

ಅಳೆಯುವುದು ಸುಲಭ. ಸಮತಟ್ಟಾದ ನೆಲದಲ್ಲಿ ಗಾಲಿಗಳನ್ನು ನೇರಕ್ಕೆ ನಿಲ್ಲಿಸಿ, ಸ್ಟೇರಿಂಗ್ ವೀಲ್‌ನ ಅಂಚಿಗೆ ಒಂದು ಚೂರು ಟೇಪು ಅಂಟಿಸಬೇಕು. ಒಬ್ಬರು ಹೊರಗೆ ಮುಂದಿನ ಟೈರಿನ ಮೇಲೆ ಕೈಯಿಟ್ಟು ಕೂರಬೇಕು. ಮತ್ತೊಬ್ಬರು ವೀಲನ್ನು ಮೆಲ್ಲಗೆ ಎಡಕ್ಕೆ, ಟೈರು ಅಲುಗುವ ಕ್ಷಣದವರೆಗೆ ತಿರುಗಿಸಿ ಗುರುತು ಮಾಡಿಕೊಂಡು, ಬಲಕ್ಕೂ ಹಾಗೆಯೇ ಮಾಡಬೇಕು. ಎರಡು ಗುರುತುಗಳ ನಡುವಿನ ದೂರವೇ ಪ್ಲೇ. ಪವರ್ ಸ್ಟೇರಿಂಗ್ ಇದ್ದರೆ ಎಂಜಿನ್ ಚಾಲೂ ಇಟ್ಟೇ ಅಳೆಯಬೇಕು. ಎಂಜಿನ್ ನಿಂತಾಗ ಬಾಕ್ಸ್‌ನ ಒಳಗಿನ ವಾಲ್ವಿನ ಚಲನೆಯೂ ಪ್ಲೇ ಲೆಕ್ಕಕ್ಕೆ ಸೇರಿ ಅಳತೆ ತಪ್ಪುತ್ತದೆ.

ಎಲ್ಲ ತೊಂದರೆಯೂ ಪ್ಲೇ ಅಲ್ಲ

‘ಸ್ಟೇರಿಂಗ್ ಸರಿಯಿಲ್ಲ’ ಎಂಬ ಒಂದೇ ದೂರಿನ ಹಿಂದೆ ನಾಲ್ಕೈದು ಬೇರೆ ಬೇರೆ ದೋಷಗಳಿರಬಹುದು. ವೀಲ್ ತಿರುಗಿಸಿದರೂ ಗಾಡಿ ತಡವಾಗಿ ಸ್ಪಂದಿಸಿದರೆ ಅದು ನಿಜವಾದ ಪ್ಲೇ: ಶಾಫ್ಟ್, ಬಾಕ್ಸ್, ಬಾಲ್ ಜಾಯಿಂಟ್ ನೋಡಬೇಕು. ವೀಲ್ ನೇರ ಹಿಡಿದಿದ್ದರೂ ಗಾಡಿ ರಸ್ತೆಯಲ್ಲಿ ಅತ್ತಿತ್ತ ಓಲಾಡಿದರೆ ಕಿಂಗ್ ಪಿನ್, ಕಮಾನು ಪಟ್ಟಿಯ (ಲೀಫ್ ಸ್ಪ್ರಿಂಗ್) ಬುಷ್, ಟೈರಿನ ಗಾಳಿ, ಅಲೈನ್‌ಮೆಂಟ್ ಕಡೆಗೆ ಗಮನ ಹೋಗಬೇಕು. ಸದಾ ಒಂದೇ ಪಕ್ಕಕ್ಕೆ ಎಳೆದರೆ ಎರಡು ಟೈರುಗಳ ಗಾಳಿಯಲ್ಲಿ ವ್ಯತ್ಯಾಸವಿರಬಹುದು, ಒಂದು ಗಾಲಿಯ ಬ್ರೇಕ್ ಹಿಡಿದುಕೊಂಡಿರಬಹುದು. ಬ್ರೇಕ್ ಹಾಕಿದಾಗ ಮಾತ್ರ ಎಳೆದರೆ ಬ್ರೇಕ್‌ನ ಜೊತೆಗೆ ಮುಂದಿನ ಕಮಾನು ಪಟ್ಟಿಯ ಬುಷ್‌ಗಳನ್ನೂ ಅನುಮಾನಿಸಬೇಕು.

ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ವೀಲ್ ನಡುಗಿದರೆ ಸಾಮಾನ್ಯವಾಗಿ ಗಾಲಿಯ ಬ್ಯಾಲೆನ್ಸ್ ತಪ್ಪಿದೆ ಅಥವಾ ಡಿಸ್ಕ್ ಬಾಗಿದೆ. ಗುಂಡಿಗೆ ಬಿದ್ದ ಕೂಡಲೇ ಮುಂದಿನ ಗಾಲಿಗಳೆರಡೂ ಜೋರಾಗಿ ಎಡಬಲಕ್ಕೆ ಹೊಡೆದುಕೊಂಡು, ವೇಗ ಇಳಿಸಿದ ಮೇಲಷ್ಟೇ ನಿಂತರೆ ಅದು ಬೇರೆಯೇ ಎಚ್ಚರಿಕೆ. ಗಟ್ಟಿ ಆಕ್ಸಲ್‌ನ ಗಾಡಿಗಳಲ್ಲಿ ಕಾಣುವ ಈ ಹೊಡೆತಕ್ಕೆ ಕಿಂಗ್ ಪಿನ್, ಟೈ ರಾಡ್, ಬೇರಿಂಗ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಸಡಿಲವಾಗಿರುವುದು ಕಾರಣ. ಪವರ್ ಸ್ಟೇರಿಂಗ್‌ನ ಎಣ್ಣೆ ಕಡಿಮೆಯಾದರೆ ಅಥವಾ ಬೆಲ್ಟ್ ಜಾರಿದರೆ ಸ್ಟೇರಿಂಗ್ ಭಾರವಾಗುತ್ತದೆ. ಆ ಕಾರಣಕ್ಕೆ ಸಡಿಲವಾಗುವುದಿಲ್ಲ.

ಮೊದಲು ಟೈರು, ಆಮೇಲೆ ಗಾಡಿಯ ಅಡಿ

ಪರೀಕ್ಷೆ ಖರ್ಚಿಲ್ಲದ ಕಡೆಯಿಂದ ಶುರುವಾಗಬೇಕು. ನಾಲ್ಕೂ ಟೈರುಗಳ ಗಾಳಿಯನ್ನು ತಯಾರಕರು ಹೇಳಿದ ಮಟ್ಟಕ್ಕೆ ತಂದು, ಗಾಲಿಯ ನಟ್ಟುಗಳನ್ನು ಬಿಗಿಮಾಡಿ ಒಮ್ಮೆ ಓಡಿಸಿ ನೋಡಿದರೆ ಕೆಲವು ದೂರುಗಳು ಅಲ್ಲೇ ಮುಗಿಯುತ್ತವೆ. ಟೈರಿನ ಸವೆತವೂ ಬಹಳಷ್ಟು ಹೇಳುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡು ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿರಬಹುದು, ಕಿಂಗ್ ಪಿನ್ ಸವೆದಿರಬಹುದು. ಟೈರಿನ ಮೇಲೆ ಅಂಗೈಯನ್ನು ಅಡ್ಡಡ್ಡ ಸವರಿದಾಗ ಒಂದು ದಿಕ್ಕಿಗೆ ನುಣುಪಾಗಿದ್ದು, ವಾಪಸ್ ಎಳೆದಾಗ ಗರಗಸದಂತೆ ಚುಚ್ಚಿದರೆ ಎರಡು ಗಾಲಿಗಳು ಪರಸ್ಪರ ಸಮವಾಗಿ ಉರುಳುತ್ತಿಲ್ಲ, ಅಂದರೆ ಟೋ ಅಳತೆ ತಪ್ಪಿದೆ.

ಆಮೇಲಿನ ಪರೀಕ್ಷೆಗೆ ಇಬ್ಬರು ಬೇಕು. ಗಾಲಿಗಳು ನೆಲದ ಮೇಲೇ ಇರಲಿ. ಹ್ಯಾಂಡ್ ಬ್ರೇಕ್ ಎಳೆದು, ಗೇರು ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಗಾಲಿಗಳಿಗೆ ಮುಂದೆಯೂ ಹಿಂದೆಯೂ ಕಲ್ಲು ಕೊಡಬೇಕು. ಒಬ್ಬರು ಸ್ಟೇರಿಂಗ್ ವೀಲನ್ನು ಪ್ಲೇ ಇರುವಷ್ಟು ಮತ್ತು ಅದಕ್ಕಿಂತ ತುಸು ಹೆಚ್ಚು, ಎಡಬಲಕ್ಕೆ ಬಿಡದೆ ಆಡಿಸುತ್ತಿರಬೇಕು. ಇನ್ನೊಬ್ಬರು ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ಒಂದೊಂದೇ ಕೀಲನ್ನು ನೋಡುತ್ತಾ ಬರಬೇಕು. ಎಲ್ಲಿಯವರೆಗೆ ಚಲನೆ ತಡವಿಲ್ಲದೆ ಬರುತ್ತದೋ ಅಲ್ಲಿಯವರೆಗೆ ಸರಿಯಿದೆ. ಎಲ್ಲಿ ಒಂದು ಭಾಗ ಅಲುಗಿದರೂ ಮುಂದಿನದು ಸುಮ್ಮನಿರುತ್ತದೋ ಅಲ್ಲಿ ದೋಷವಿದೆ. ಹಳೆಯ ಗಾಡಿಯಲ್ಲಿ ಒಂದು ದೋಷ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬಾರದು. ಕೊನೆಯ ಕೀಲಿನವರೆಗೂ ಹೋಗಬೇಕು.

ಮೊದಲು ಯು.ಜೆ. ಕ್ರಾಸ್. ಅದರ ಮೇಲಿನ ಅರ್ಧ ತಿರುಗಿ ಕೆಳಗಿನ ಅರ್ಧ ತಡವಾದರೆ ಕ್ರಾಸ್ ಸವೆದಿದೆ, ಇಲ್ಲವೇ ಅದನ್ನು ಶಾಫ್ಟಿಗೆ ಬಿಗಿದ ಬೋಲ್ಟ್ ಸಡಿಲವಾಗಿದೆ. ನಂತರ ಬಾಕ್ಸ್ ಚಾಸಿಗೆ ಕೂತಿರುವ ಜಾಗ. ವೀಲ್ ತಿರುಗಿಸುವಾಗ ಇಡೀ ಬಾಕ್ಸೇ ಅಲುಗಿದರೆ ಬೋಲ್ಟ್ ಸಡಿಲವಾಗಿದೆ, ಅಥವಾ ಆ ಜಾಗದಲ್ಲಿ ಚಾಸಿ ಬಿರುಕು ಬಿಟ್ಟಿದೆ. ಅಲ್ಲಿ ತುಕ್ಕಿನ ಕೆಂಪು ಪುಡಿಯ ಗೆರೆ ಕಂಡರೆ ಲೋಹ ಲೋಹಕ್ಕೆ ಉಜ್ಜುತ್ತಿದೆ ಎಂದೇ ತಿಳಿಯಬೇಕು. ಡ್ರಾಪ್ ಆರ್ಮ್ ಶಾಫ್ಟಿನ ಹಲ್ಲುಗಳ ಮೇಲೆ ಬಿಗಿಯಾಗಿ ಕೂತಿದೆಯೇ ಎಂಬುದನ್ನೂ ಇದೇ ಹೊತ್ತಿಗೆ ನೋಡಬೇಕು.

ಬಾಲ್ ಜಾಯಿಂಟ್‌ನ ಹತ್ತಿರ

ಬಾಲ್ ಜಾಯಿಂಟ್‌ನ ಸವೆತ ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಕೀಲಿನ ಮೈಯನ್ನೂ ಅದು ಸೇರುವ ಆರ್ಮನ್ನೂ ಒಟ್ಟಿಗೆ ಹಿಡಿದು, ಮೇಲೆ ಕೂತವರು ವೀಲ್ ಆಡಿಸುವಾಗ ಗಮನಿಸಬೇಕು. ಒಳ್ಳೆಯ ಜಾಯಿಂಟ್‌ನಲ್ಲಿ ಎರಡೂ ಒಂದೇ ತುಂಡಿನಂತೆ ಸಾಗುತ್ತವೆ. ಸವೆದದ್ದರಲ್ಲಿ ದಿಕ್ಕು ಬದಲಾದಾಗಲೆಲ್ಲ ಬೆರಳಿಗೆ ‘ಟಕ್’ ಎಂಬ ಸಣ್ಣ ಹೊಡೆತ ಬೀಳುತ್ತದೆ. ಟೈ ರಾಡ್ ತನ್ನ ಉದ್ದದ ಸುತ್ತ ಸ್ವಲ್ಪ ಹೊರಳುವುದು ಸಹಜ, ಅದನ್ನು ಸವೆತ ಎಂದುಕೊಳ್ಳಬಾರದು. ಮೇಲೆ ಕೆಳಗೆ ಅಥವಾ ಅಡ್ಡಕ್ಕೆ ಜಾಯಿಂಟ್ ಕುಣಿದರೆ ಅದರ ಕಾಲ ಮುಗಿದಿದೆ.

ಸವೆತದ ಮೂಲ ಬಹಳ ಸಲ ರಬ್ಬರ್ ಮುಚ್ಚಳದಲ್ಲಿರುತ್ತದೆ. ಮುಚ್ಚಳ ಹರಿದ ಮೇಲೆ ಹೊಲದ ಕೆಸರು ನೇರ ಒಳಗೆ ಹೋಗುತ್ತದೆ. ಬಟ್ಟೆಯಿಂದ ಒರೆಸಿ ನೋಡಿದರೆ ಗ್ರೀಸು ಕಂದು ಬಣ್ಣಕ್ಕೆ ತಿರುಗಿ, ಬೆರಳುಗಳ ನಡುವೆ ಉಜ್ಜಿದಾಗ ಮರಳು ಮರಳಾಗಿರುತ್ತದೆ. ಆ ಮರಳು ಉಕ್ಕಿನ ಗುಂಡನ್ನು ಪ್ರತಿ ತಿರುವಿಗೂ ಅರೆಯುತ್ತದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ, ಸೊಪ್ಪು ಮುರಿಯುವ ಕೆಲಸವೂ ಮಳೆಯೂ ಒಟ್ಟಿಗೆ ಬರುವ ಈ ಸೀಮೆಯಲ್ಲಿ, ಹರಿದ ಮುಚ್ಚಳವನ್ನು ಮಳೆಗಾಲ ಕಳೆಯಲಿ ಎಂದು ಬಿಟ್ಟರೆ ಮಳೆಗಾಲದ ಕೊನೆಗೆ ಜಾಯಿಂಟನ್ನೇ ಬದಲಿಸಬೇಕಾಗುತ್ತದೆ.

ಜಾಯಿಂಟ್‌ನ ನಟ್ಟಿಗೆ ಹಾಕುವ ಸ್ಪ್ಲಿಟ್ ಪಿನ್ ಬಿಚ್ಚಿದರೆ ಅದನ್ನು ಎಸೆದು ಹೊಸದನ್ನೇ ಹಾಕಬೇಕು. ಅದರ ಜಾಗದಲ್ಲಿ ತಂತಿ ತುಂಡು, ಮೊಳೆ ಸಿಕ್ಕಿಸುವುದು ಜೀವದ ಜೊತೆ ಆಡುವ ಆಟ: ನಟ್ಟು ಕಳಚಿದರೆ ಲಿಂಕ್ ಬಿದ್ದು ಸ್ಟೇರಿಂಗೇ ಇಲ್ಲವಾಗುತ್ತದೆ. ಸವೆದ ಜಾಯಿಂಟಿಗೆ ವೆಲ್ಡಿಂಗ್ ಮಾಡಿಸುವುದು, ಬಾಗಿದ ಟೈ ರಾಡನ್ನು ಕಾಯಿಸಿ ನೆಟ್ಟಗೆ ಮಾಡಿಸುವುದು ಅಷ್ಟೇ ಅಪಾಯ. ಕಾಯಿಸಿದ ಉಕ್ಕಿನ ಹದ ಕೆಟ್ಟಿರುತ್ತದೆ. ಅದು ಎಲ್ಲಿ, ಯಾವಾಗ ಮುರಿಯುತ್ತದೆಂದು ಯಾರೂ ಹೇಳಲಾರರು.

ಗಾಲಿ ಎತ್ತಿದ ಮೇಲೆ

ಕಿಂಗ್ ಪಿನ್, ಗಾಲಿಯ ಬೇರಿಂಗ್ ನೋಡಲು ಮುಂದಿನ ಆಕ್ಸಲಿಗೆ ಜಾಕ್ ಕೊಟ್ಟು ಗಾಲಿ ಎತ್ತಬೇಕು. ಎತ್ತಿದ ಮೇಲೆ ಸ್ಟ್ಯಾಂಡ್ ಇಡದೆ, ಬರೀ ಜಾಕ್ ನಂಬಿ ಅಡಿಗೆ ಹೋಗಬಾರದು. ಟೈರನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸಿದಾಗ ಆಡಿದರೆ ಬೇರಿಂಗ್ ಅಥವಾ ಕಿಂಗ್ ಪಿನ್ ಸಡಿಲವಾಗಿದೆ. ಯಾವುದೆಂದು ತಿಳಿಯಲು ಒಂದು ಸರಳ ಉಪಾಯವಿದೆ. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಗಾಲಿಯ ಹಬ್ಬು ಸ್ಟಬ್ ಆಕ್ಸಲಿಗೆ ಕಚ್ಚಿಕೊಳ್ಳುತ್ತದೆ. ಬ್ರೇಕ್ ಒತ್ತಿದಾಗ ಆಟ ನಿಂತರೆ ಅದು ಬೇರಿಂಗ್‌ನದು. ಒತ್ತಿದರೂ ಆಡುತ್ತಲೇ ಇದ್ದರೆ ಕಿಂಗ್ ಪಿನ್ ಬುಷ್‌ನದು. ಟೈರನ್ನು ಎಡಬಲಕ್ಕೆ ಹಿಡಿದು ಅಲುಗಿಸಿದಾಗ ಮಾತ್ರ ಆಟ ಕಂಡರೆ ದೋಷ ಟೈ ರಾಡ್, ಡ್ರ್ಯಾಗ್ ಲಿಂಕ್‌ಗಳ ಕಡೆಗಿದೆ.

ಬೇರಿಂಗ್ ಸಡಿಲವಿದ್ದರೆ ಬಿಗಿ ಸರಿಮಾಡಿ ಹೊಸ ಗ್ರೀಸು ತುಂಬಿದರೆ ಸಾಕಾಗಬಹುದು. ಸದ್ದು ಮಾಡಿದರೆ ಬದಲಿಸಬೇಕು. ಕಿಂಗ್ ಪಿನ್ ಸವೆದಿದ್ದರೆ ಪಿನ್, ಬುಷ್, ಬೇರಿಂಗ್ ಸೇರಿದ ಕಿಟ್ ಹಾಕಿ, ಬುಷ್‌ಗಳನ್ನು ಪಿನ್ನಿನ ಅಳತೆಗೆ ರೀಮರ್‌ನಿಂದ ಹದ ಮಾಡಿಸಬೇಕು. ಇದು ಅಳತೆಗೆ ನಿಖರತೆ ಬೇಕಾದ ಕೆಲಸ, ಕಸುಬು ಬಲ್ಲವರ ಕೈಗೇ ಕೊಡಬೇಕು.

ಕೊನೆಗೆ ಕಮಾನು ಪಟ್ಟಿಗಳು. ಯು ಬೋಲ್ಟ್ ಸಡಿಲವಾಗಿ ಸೆಂಟರ್ ಬೋಲ್ಟ್ ತುಂಡಾದರೆ ಆಕ್ಸಲ್ ತನ್ನ ಜಾಗ ಬಿಟ್ಟು ಸರಿಯುತ್ತದೆ. ಹಿಂದಿನ ಆಕ್ಸಲ್ ಹಾಗೆ ಓರೆಯಾದರೆ, ಮುಂದಿನ ಭಾಗಗಳೆಲ್ಲ ಹೊಸದಾಗಿದ್ದರೂ ಗಾಡಿ ನೇರ ಹೋಗದು. ಶಾಕಲ್ ಬುಷ್‌ಗಳ ಸವೆತವೂ ಓಲಾಟಕ್ಕೆ ಕಾರಣ.

ಬಾಕ್ಸ್ ಸ್ಕ್ರೂ ಕೊನೆಗೆ

ಬಾಕ್ಸ್ ಮೇಲೆ ಲಾಕ್ ನಟ್ ಇರುವ ಒಂದು ಸ್ಕ್ರೂ ಇರುತ್ತದೆ. ಅದನ್ನು ಬಿಗಿ ಮಾಡಿದರೆ ಒಳಗಿನ ಹಲ್ಲುಗಳು ಹತ್ತಿರ ಬಂದು ಪ್ಲೇ ಕಡಿಮೆಯಾಗುತ್ತದೆ. ಕೆಲಸ ಐದು ನಿಮಿಷದ್ದಾದ್ದರಿಂದ ಎಷ್ಟೋ ಕಡೆ ಮೊದಲು ಕೈ ಹೋಗುವುದೇ ಅಲ್ಲಿಗೆ. ಕ್ರಮ ತಪ್ಪುವುದೂ ಇಲ್ಲೇ. ಗಾಡಿ ಹೆಚ್ಚು ಹೊತ್ತು ನೇರವಾಗಿಯೇ ಓಡುವುದರಿಂದ ಬಾಕ್ಸ್‌ನ ಹಲ್ಲುಗಳು ನಡುಭಾಗದಲ್ಲಿ ಹೆಚ್ಚು ಸವೆದಿರುತ್ತವೆ, ಪಕ್ಕಗಳಲ್ಲಿ ಕಡಿಮೆ. ನಡುವಿನ ಪ್ಲೇ ಪೂರ್ತಿ ಹೋಗುವಂತೆ ಬಿಗಿದರೆ ತಿರುವಿನಲ್ಲಿ ಹಲ್ಲುಗಳು ಕಚ್ಚಿಕೊಳ್ಳುತ್ತವೆ. ಸ್ಟೇರಿಂಗ್ ಗಟ್ಟಿಯಾಗಿ, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುವುದು ನಿಲ್ಲುತ್ತದೆ. ಸವೆದ ಬಾಲ್ ಜಾಯಿಂಟ್ ಮಾತ್ರ ಹಾಗೆಯೇ ಉಳಿದಿರುತ್ತದೆ; ಅದನ್ನು ಸೂಚಿಸುತ್ತಿದ್ದ ಪ್ಲೇ ಮರೆಯಾಗಿರುತ್ತದೆ.

ಹೊರಗಿನ ಕೀಲುಗಳೆಲ್ಲ ಸರಿಯಾದ ಮೇಲೂ ಪ್ಲೇ ಉಳಿದಿದ್ದರೆ ಮಾತ್ರ, ಬಾಕ್ಸ್‌ನ ಎಣ್ಣೆ ಮಟ್ಟ ನೋಡಿ, ಗಾಲಿಗಳನ್ನು ನೇರಕ್ಕಿಟ್ಟು, ಸ್ಕ್ರೂವನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸಬೇಕು. ಪ್ರತಿ ಸಲವೂ ವೀಲನ್ನು ಈ ತುದಿಯಿಂದ ಆ ತುದಿಯವರೆಗೆ ತಿರುಗಿಸಿ, ಎಲ್ಲೂ ಹಿಡಿಯುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಅಷ್ಟಕ್ಕೂ ಸರಿಹೋಗದಿದ್ದರೆ ಬಾಕ್ಸ್ ಬಿಚ್ಚಿಸುವುದೊಂದೇ ದಾರಿ.

ಹೊರೆ ಮತ್ತು ಆರೈಕೆ

ಹೊರೆ ಹೇರಿದಾಗ ಮಾತ್ರ ಸ್ಟೇರಿಂಗ್ ತೇಲಿದಂತಾದರೆ ಕಾರಣ ಹಿಂದೆ ಇರುತ್ತದೆ. ಹಿಂದಿನ ಆಕ್ಸಲ್‌ಗಿಂತ ಆಚೆಗೆ ಚಾಚುವಂತೆ ಸೌದೆ ಅಥವಾ ಬೇಲು ಹೇರಿದರೆ ಮುಂಭಾಗ ಹಗುರಾಗಿ ಮುಂದಿನ ಟೈರುಗಳ ಹಿಡಿತ ಕಡಿಮೆಯಾಗುತ್ತದೆ. ಹಿಂದೆ ಹೆಚ್ಚುವರಿ ಪಟ್ಟಿ ಸೇರಿಸಿದರೆ ಗಾಡಿ ಕುಸಿಯುವುದು ತಪ್ಪಬಹುದು, ಮುಂದಿನ ಗಾಲಿಯ ಹಿಡಿತ ಮರಳಿ ಬರುವುದಿಲ್ಲ. ಭಾರವನ್ನು ಕ್ಯಾಬಿನ್ನಿನ ಕಡೆಗೆ ಸರಿಸಿ, ಆರ್.ಸಿ.ಯಲ್ಲಿ ಬರೆದ ತೂಕದೊಳಗೆ ಇಡುವುದೇ ಪರಿಹಾರ.

ಭಾಗ ಬದಲಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು, ಬದಲಿಸುವುದಕ್ಕೆ ಮುಂಚೆ ಮಾಡಿಸಿದರೆ ವ್ಯರ್ಥ: ಸಡಿಲ ಕೀಲಿನ ಮೇಲೆ ಹೊಂದಿಸಿದ ಅಳತೆ ಮೊದಲ ಗುಂಡಿಗೇ ಬದಲಾಗುತ್ತದೆ. ಗ್ರೀಸ್ ನಿಪ್ಪಲ್ ಇರುವ ಕೀಲುಗಳಿಗೆ ನಿಗದಿತ ಕಾಲಕ್ಕೆ, ಮಳೆಗಾಲದಲ್ಲಿ ಇನ್ನೂ ಬೇಗ, ಹಳೆಯ ಕೊಳೆ ಹೊರಬಂದು ಹೊಸ ಗ್ರೀಸು ಕಾಣುವವರೆಗೆ ಹೊಡೆಯಬೇಕು. ಕಿಂಗ್ ಪಿನ್ನಿಗೆ ಗಾಲಿ ಎತ್ತಿ ಹೊಡೆದರೆ ಭಾರ ಹೊರುವ ಮೈಗೂ ಗ್ರೀಸು ತಲಪುತ್ತದೆ.

ಪ್ಲೇ ಇದ್ದಕ್ಕಿದ್ದಂತೆ ಹೆಚ್ಚಿದರೆ, ತಿರುಗಿಸುವಾಗ ಲೋಹದ ಸದ್ದು ಬಂದರೆ, ನಟ್ಟು ಅಥವಾ ಪಿನ್ನು ಕಾಣೆಯಾಗಿದ್ದರೆ, ಬಾಕ್ಸ್ ಕೂತ ಜಾಗದಲ್ಲಿ ಬಿರುಕು ಕಂಡರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಬೇಕು. ಉಳಿದ ಸವೆತಗಳಿಗೆ ಹರಾಜು ಶುರುವಾಗುವ ಮುಂಚಿನ ಒಂದು ಬಿಡುವಿನ ದಿನ ಸಾಕು. ಪಿಕಪ್ ಇಟ್ಟುಕೊಂಡ ಪ್ರತಿಯೊಬ್ಬ ರೈತರೂ ಚಾಲಕರೂ ಆ ಒಂದು ದಿನವನ್ನು ಇದಕ್ಕೆಂದೇ ತೆಗೆದಿಡಲಿ. ಬಾಕ್ಸ್ ಸ್ಕ್ರೂ ಮುಟ್ಟುವ ಮೊದಲು ಪ್ರತಿ ಕೀಲನ್ನೂ ಕೈಯಿಂದ ಹಿಡಿದು ನೋಡುವಂತೆ ತಮ್ಮ ಮೆಕ್ಯಾನಿಕ್‌ಗೆ ಹೇಳಲಿ.